ಡ್ರಾಯರ್ ಮೆತ್ತಗೆ ಮುಚ್ಕೊಳ್ತಿಲ್ವಾ? ಹೊಸ ಚಾನೆಲ್ ತರೋ ಮುಂಚೆ ಅಳತೆ ಟೇಪ್ ಹಿಡೀರಿ

ನಮ್ಮನೆ ಸ್ಟವ್ ಕೆಳಗಿನ ಡ್ರಾಯರ್ ಇನ್ನೆರಡಿಂಚು ಇದೆ ಅನ್ನೋವಾಗ ನಿಂತ್ಬಿಡೋದು, ಮೊಣಕಾಲಲ್ಲಿ ತಳ್ಳಿದ್ರೇನೇ ಒಳಗೆ ಹೋಗೋದು. ಕಾರ್ಪೆಂಟರ್ ಚಾನೆಲ್ (ಡ್ರಾಯರ್ ಜಾರೋಕೆ ಪಕ್ಕದಲ್ಲಿರೋ ಲೋಹದ ಪಟ್ಟಿ) ಹೋಗಿದೆ, ಹೊಸದು ತನ್ನಿ ಅಂದ್ರು. ಅಳೆದು ನೋಡಿದ್ರೆ ಚಾನೆಲ್‌ದೇನೂ ತಪ್ಪಿಲ್ಲ, ಡ್ರಾಯರ್ ಬಾಕ್ಸೇ ಹಿಂದ್ಗಡೆ 3 ಮಿ.ಮೀ. ಅಗಲ ಜಾಸ್ತಿ!

ಸೈಡಿಗೆ ಕೂರಿಸೋ ಬಾಲ್ ಬೇರಿಂಗ್ ಚಾನೆಲ್‌ಗೆ ಸಾಮಾನ್ಯವಾಗಿ ಒಂದೊಂದು ಕಡೆ ಅರ್ಧ ಇಂಚು, ಅಂದ್ರೆ 12.7 ಮಿ.ಮೀ. ಜಾಗ ಬೇಕು, ಹಾಗಾಗಿ ಕ್ಯಾಬಿನೆಟ್ ಒಳಗಿನ ಅಗಲಕ್ಕಿಂತ ಬಾಕ್ಸ್ ಸುಮಾರು 26 ಮಿ.ಮೀ. ಕಮ್ಮಿ ಇರ್ಬೇಕು, ಮುಂದೆ ಹಿಂದೆ ಎರಡು ಕಡೆನೂ ಅಳೀರಿ. ಜಾಗ ಜಾಸ್ತಿ ಆದ್ರೆ ಚಾನೆಲ್ ಹಿಂದೆ ಮೈಕಾ ತುಂಡು ಇಟ್ಟು ಸ್ಕ್ರೂ ಹಾಕಿ, ಕಮ್ಮಿ ಆದ್ರೆ ಬಾಕ್ಸ್ ಹೆರೆಸ್ಲೇಬೇಕು, ಬೇರೆ ದಾರಿ ಇಲ್ಲ.

ಕೂರಿಸುವಾಗ ಮೊದಲು ಉದ್ದ ತೂತುಗಳಿಗೆ ಮಾತ್ರ ಸ್ಕ್ರೂ ಹಾಕಿ, ಪೂರ್ತಿ ಬಿಗಿ ಮಾಡ್ಬೇಡಿ, ನಾಲ್ಕೈದು ಸಲ ಡ್ರಾಯರ್ ಎಳೆದು ತಳ್ಳಿ ನೋಡಿ, ಎರಡೂ ಚಾನೆಲ್ ಒಂದೇ ಎತ್ತರಕ್ಕೆ ಬಂದ್ಮೇಲೆ ದುಂಡು ತೂತಿಗೆ ಹಾಕಿ ಫಿಕ್ಸ್ ಮಾಡಿ. ನಮ್ಮ ಕಾರ್ಪೆಂಟರ್ ಮೊದಲ್ನೇ ದಿನಾನೇ ದುಂಡು ತೂತಿಗೆ ಹೊಡೆದ್ಬಿಟ್ಟಿದ್ರು 🤦

ಸ್ಕ್ರೂ ತಲೆ ಚಾನೆಲ್‌ನಿಂದ ಈಚೆ ಚಾಚಿದ್ರೂ ಕಟಕಟ ಅನ್ನುತ್ತೆ. ಇನ್ನು ಎಣ್ಣೆ ಮಾತ್ರ ಬಿಡ್ಬೇಡಿ, ರಾಗಿಹಿಟ್ಟು, ಜೀರಿಗೆ ಎಲ್ಲಾ ಅದಕ್ಕೆ ಅಂಟಿ ಕಪ್ಪು ಮಡ್ಡಿ ಆಗುತ್ತೆ, ಹಳೇ ಟೂತ್‌ಬ್ರಶ್‌ನಲ್ಲಿ ಒರೆಸಿದ್ರೆ ಸಾಕು.