ಬಿರ್ಸಾ ಮುಂಡಾ ಬಗ್ಗೆ ಭಾಷಣ ಮಾಡ್ಬೇಕಾ? ಜಮೀನಿನಿಂದ ಶುರು ಮಾಡಿ

ನವೆಂಬರ್ 15 ಬ್ರಿಟಿಷರ ವಿರುದ್ಧ ದಂಗೆ ಎದ್ದ ಮುಂಡಾ ಆದಿವಾಸಿಗಳ ನಾಯಕ ಬಿರ್ಸಾ ಮುಂಡಾ ಹುಟ್ಟಿದ ದಿನ. 2021ರಿಂದ ಅದನ್ನು ಜನಜಾತೀಯ ಗೌರವ ದಿವಸ ಅಂತ ಆಚರಿಸುತ್ತಿದ್ದಾರೆ. ಶಾಲೆಯಲ್ಲಿ ಐದು ನಿಮಿಷ ಮಾತಾಡಿ ಅಂತ ನಿಮಗೆ ಹೇಳಿದ್ದರೆ, ಅಥವಾ ಮಗಳಿಗೋ ಮಗನಿಗೋ ಭಾಷಣ ಬರೆದುಕೊಡಬೇಕಿದ್ದರೆ, "ಅಪ್ರತಿಮ ವೀರ, ಮಹಾನ್ ದೇಶಭಕ್ತ" ಅನ್ನೋ ಸಾಲುಗಳನ್ನು ಮೊದಲು ಪಕ್ಕಕ್ಕಿಡಿ. ಅದನ್ನು ಯಾರ ಬಗ್ಗೆ ಬೇಕಾದರೂ ಹೇಳಬಹುದು, ಅಲ್ವಾ?

ಜಮೀನಿನ ವಿಷಯ ಮೊದಲು ಹೇಳಿ. ಈಗಿನ ಜಾರ್ಖಂಡ್‌ನ ಛೋಟಾನಾಗಪುರದಲ್ಲಿ ಮುಂಡಾ ಜನ ಕಾಡು ಕಡಿದು ಹೊಲ ಮಾಡಿದರು. ಮೊದಲು ನೆಲ ಹಸನು ಮಾಡಿದ ವಂಶದವರಿಗೆಲ್ಲ ಆ ನೆಲ ಒಟ್ಟಾಗಿ ಸೇರುತ್ತಿತ್ತು. ಇದಕ್ಕೆ ಖುಂಟ್‌ಕಟ್ಟಿ ಪದ್ಧತಿ ಅಂತಾರೆ. ಕಾಗದಪತ್ರ ಏನೂ ಇರಲಿಲ್ಲ. ಹಿರಿಯರ ಸಮಾಧಿ ಮೇಲೆ ಹಾಸಿದ ದೊಡ್ಡ ಕಲ್ಲುಚಪ್ಪಡಿಗಳೇ, ಅಂದರೆ ಸಸನ್‌ದಿರಿಗಳೇ, ಅವರ ಪಾಲಿಗೆ ಪಹಣಿ. ನಮ್ಮ ಅಜ್ಜ ಮುತ್ತಜ್ಜ ಇಲ್ಲೇ ಮಲಗಿದ್ದಾರೆ, ಹಾಗಾಗಿ ನೆಲ ನಮ್ಮದು ಅನ್ನೋದು ಅವರ ಲೆಕ್ಕ. ಬ್ರಿಟಿಷರ ಕೋರ್ಟಿನಲ್ಲಿ ಈ ಲೆಕ್ಕ ನಡೆಯಲಿಲ್ಲ. ಹೊರಗಿನಿಂದ ಬಂದ ಜಮೀನ್ದಾರರು, ಗುತ್ತಿಗೆದಾರರು, ಬಡ್ಡಿ ಸಾಲ ಕೊಡುವವರು (ಮುಂಡಾ ಜನ ಇವರನ್ನು ದಿಕು ಅನ್ನುತ್ತಿದ್ದರು) ಒಂದೊಂದಾಗಿ ಹೊಲಗಳನ್ನು ನುಂಗಿದರು, ಕಾಡು ಸರ್ಕಾರದ ಪಾಲಾಯಿತು, ನೆಲದ ಒಡೆಯರೇ ಅದೇ ನೆಲದಲ್ಲಿ ಬಿಟ್ಟಿ ಚಾಕರಿ ಮಾಡುವ ಹಾಗಾಯಿತು. ನಿಮ್ಮ ಐದು ನಿಮಿಷದಲ್ಲಿ ಎರಡು ನಿಮಿಷ ಇದಕ್ಕೇ ಕೊಡಿ. ಪಹಣಿ ಅಂದರೆ ಏನು ಅಂತ ನಮ್ಮ ಹಳ್ಳಿ ಮಕ್ಕಳಿಗೆ ಚೆನ್ನಾಗಿ ಗೊತ್ತು, ತಕ್ಷಣ ಹಿಡಿದುಬಿಡುತ್ತಾರೆ.

ಆಮೇಲೆ ಹುಡುಗನನ್ನು ಕರೆತನ್ನಿ. 1875ರಲ್ಲಿ ಉಲಿಹಾತುವಿನಲ್ಲಿ ಹುಟ್ಟಿದ ಬಡವರ ಮಗ, ಚಾಯ್‌ಬಾಸಾದ ಮಿಷನ್ ಶಾಲೆಯಲ್ಲಿ ಓದಿ ಬಿಟ್ಟವನು. 1895ರ ಹೊತ್ತಿಗೆ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಜನ ಅವನನ್ನು ಧರ್ತಿ ಆಬಾ, ಭೂಮಿಯ ತಂದೆ ಅಂತ ನಂಬಿದರು. ಪವಾಡದ ಕಥೆಗಳು ಇಲ್ಲಿ ಜಾಸ್ತಿ ಸಿಗುತ್ತವೆ. "ಕಾಯಿಲೆ ವಾಸಿ ಮಾಡುತ್ತಾನೆ ಅಂತ ಜನ ನಂಬಿದ್ದರು" ಅಂದರೆ ಸಾಕು. ಹೆಂಡ ಬಿಡಿ, ಶುಚಿಯಾಗಿರಿ, ಕಂದಾಯ ಕೊಡಬೇಡಿ ಅಂತ ಹೇಳುತ್ತಿದ್ದ ಅನ್ನೋದನ್ನು ಮಾತ್ರ ಬಿಡಬೇಡಿ. ಸರ್ಕಾರ ಬೆಚ್ಚಿದ್ದೇ ಅಲ್ಲಿ. ಆ ವರ್ಷವೇ ಹಿಡಿದು ಎರಡು ವರ್ಷ ಜೈಲಿಗೆ ಹಾಕಿದರು.

1899ರ ಕ್ರಿಸ್‌ಮಸ್ ಹೊತ್ತಿಗೆ ಉಲ್ಗುಲಾನ್, ಅಂದರೆ ಮಹಾದಂಗೆ, ಶುರುವಾಯಿತು. ಬಿಲ್ಲು ಬಾಣ ಹಿಡಿದು ಪೊಲೀಸ್ ಠಾಣೆಗಳ ಮೇಲೂ ಚರ್ಚುಗಳ ಮೇಲೂ ದಾಳಿ ಮಾಡಿದರು. ಚರ್ಚಿನ ವಿಷಯ ಮುಚ್ಚಿಡಬೇಡಿ, ನಡೆದದ್ದು ನಡೆದ ಹಾಗೆ ಹೇಳಿ. "ಅಬುವಾ ರಾಜ್ ಎತೆ ಜಾನಾ, ಮಹಾರಾಣಿ ರಾಜ್ ತುಂಡು ಜಾನಾ" ಅನ್ನೋದು ಅವರ ಘೋಷಣೆ: ನಮ್ಮ ರಾಜ್ಯ ಶುರುವಾಗಲಿ, ರಾಣಿಯ ರಾಜ್ಯ ಮುಗಿಯಲಿ. ಇದನ್ನು ಅವರ ಮುಂಡಾರಿ ಭಾಷೆಯಲ್ಲೇ ಜೋರಾಗಿ ಹೇಳಿ, ಮನೆಯಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿಕೊಂಡು ಹೋಗಿ.

1900ರ ಜನವರಿಯಲ್ಲಿ ಡೊಂಬಾರಿ ಬೆಟ್ಟದ ಮೇಲೆ ಸೇರಿದ್ದ ಮುಂಡಾ ಜನರ ಮೇಲೆ ಬ್ರಿಟಿಷ್ ಪಡೆಯವರು ಗುಂಡು ಹಾರಿಸಿದರು. ಹೆಂಗಸರು, ಮಕ್ಕಳೂ ಇದ್ದರು. ಸತ್ತವರ ಲೆಕ್ಕ ಒಂದೊಂದು ಕಡೆ ಒಂದೊಂದು ಥರ ಇದೆ, ಸುಮ್ನೆ ಯಾವುದೋ ಸಂಖ್ಯೆ ಹೇಳೋಕೆ ಹೋಗಬೇಡಿ. ಫೆಬ್ರವರಿಯಲ್ಲಿ ಬಿರ್ಸಾ ಸಿಕ್ಕಿಬಿದ್ದ. ಜೂನ್ 9ರಂದು ರಾಂಚಿ ಜೈಲಿನಲ್ಲಿ ತೀರಿಕೊಂಡ. ಕಾಲರಾ ಅಂತ ಅಧಿಕಾರಿಗಳು ಹೇಳಿದರು. ಇಪ್ಪತ್ತೈದೂ ತುಂಬಿರಲಿಲ್ಲ.

ತುಂಬಾ ಜನ ಇಲ್ಲಿಗೇ ಕೈಮುಗಿದು ಕೂತುಬಿಡುತ್ತಾರೆ. ನೀವು ಕೂರಬೇಡಿ, ಜಮೀನಿನ ಕಥೆ ಇನ್ನೂ ಇದೆ. 1908ರಲ್ಲಿ ಬ್ರಿಟಿಷರೇ ಛೋಟಾನಾಗಪುರ ಗೇಣಿ ಕಾಯ್ದೆ ತರಬೇಕಾಯಿತು. ಆದಿವಾಸಿ ಜಮೀನು ಹೊರಗಿನವರ ಕೈಗೆ ಹೋಗದಂತೆ ತಡೆಯುವ ಈ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. 2016ರಲ್ಲಿ ಜಾರ್ಖಂಡ್ ಸರ್ಕಾರ ಅದಕ್ಕೆ ತಿದ್ದುಪಡಿ ತರಲು ಹೋದಾಗ ಆದಿವಾಸಿಗಳು ಬೀದಿಗಿಳಿದರು. ಆಗ ರಾಜ್ಯಪಾಲರಾಗಿದ್ದ ದ್ರೌಪದಿ ಮುರ್ಮು ಮಸೂದೆಯನ್ನು ವಾಪಸ್ ಕಳಿಸಿದರು. 2017ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು.