ಕಾಂಕ್ರೀಟ್ ಸುರಿಯುವ ಮೊದಲೇ ಟವರ್‌ನ ಅರ್ಥಿಂಗ್ ಮಾಡಿಕೊಳ್ಳಿ

ರೇಡಿಯೋ ಆಂಟೆನಾದ ಟವರ್ ನಿಲ್ಲಿಸಿ ಆದಮೇಲೆ ಪಕ್ಕದಲ್ಲೊಂದು ರಾಡ್ ಹೊಡೆದು ಕೈ ತೊಳೆದುಕೊಳ್ಳುವವರೇ ಜಾಸ್ತಿ. ಸಿಡಿಲು ಆ ರಾಡ್ ಒಂದನ್ನೇ ಹುಡುಕಿಕೊಂಡು ಹೋಗುತ್ತದೆಯಾ? ನೆಲಕ್ಕೆ ಇಳಿಯಲು ಎಷ್ಟು ದಾರಿ ಇವೆಯೋ ಅಷ್ಟರಲ್ಲೂ ಹಂಚಿಕೊಂಡು ಇಳಿಯುತ್ತದೆ. ಬುನಾದಿಯೂ ಅದಕ್ಕೊಂದು ದಾರಿಯೇ.

ಮಣ್ಣಿನೊಳಗಿನ ಕಾಂಕ್ರೀಟ್ ತೇವ ಹೀರಿಕೊಂಡೇ ಇರುತ್ತದೆ, ಆದ್ದರಿಂದ ಅದರಲ್ಲಿ ಕರೆಂಟ್ ಹರಿಯುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಹರ್ಬರ್ಟ್ ಯೂಫರ್ ಎಂಬವರು ಅರಿಜೋನಾದ ಒಣ ನೆಲದಲ್ಲಿ ಬಾಂಬ್ ಗೋದಾಮುಗಳಿಗೆ ಅರ್ಥಿಂಗ್ ಮಾಡಿದ್ದು ಇದೇ ಗುಣ ನಂಬಿಕೊಂಡು. ಈಗಲೂ ಅದನ್ನು ಯೂಫರ್ ಗ್ರೌಂಡ್ ಅಂತಲೇ ಕರೆಯುತ್ತಾರೆ.

ಹಾಗಾಗಿ ಕಂಬಿ ಕಟ್ಟುವ ದಿನ ನೀವೇ ಗುಂಡಿಯ ಹತ್ತಿರ ನಿಂತಿರಿ. ಟವರ್ ಕಾಲನ್ನು ಬುನಾದಿಗೆ ಹಿಡಿಸುವ ಆಂಕರ್ ಬೋಲ್ಟ್ ಒಂದು ಕಡೆ, ಕಂಬಿ ಪಂಜರ ಇನ್ನೊಂದು ಕಡೆ, ನಡುವೆ ನಾಲ್ಕು ಬೆರಳು ಕಾಂಕ್ರೀಟ್ ಉಳಿದರೆ ಸಿಡಿಲು ಅದನ್ನು ಸೀಳಿಕೊಂಡೇ ದಾಟಬೇಕು, ಒಳಗಿನ ತೇವ ಒಮ್ಮೆಗೇ ಆವಿಯಾಗಿ ಕಾಂಕ್ರೀಟ್ ಬಿರುಕು ಬಿಡಬಹುದು. ಬೋಲ್ಟನ್ನು ಪಂಜರಕ್ಕೆ ಬಿಗಿಯಾಗಿ ಜೋಡಿಸಿ. ವೆಲ್ಡ್ ಮಾಡುವುದಾದರೆ ಡಿಸೈನ್ ಮಾಡಿದ ಎಂಜಿನಿಯರನ್ನು ಮೊದಲು ಕೇಳಿ, ಕೆಲವು ಕಂಬಿಗಳು ವೆಲ್ಡಿಂಗ್‌ನಿಂದ ಬಲ ಕಳೆದುಕೊಳ್ಳುತ್ತವೆ. ಒಟ್ಟು 6 ಮೀಟರ್‌ಗಿಂತ ಕಡಿಮೆ ಇಲ್ಲದಷ್ಟು ಕಂಬಿ, ಸುತ್ತ ಕನಿಷ್ಠ 5 ಸೆಂ.ಮೀ. ಕಾಂಕ್ರೀಟ್ ಇರಲಿ. ಗುಂಡಿಗೆ ಪ್ಲಾಸ್ಟಿಕ್ ಹಾಳೆ ಹಾಸಬೇಡಿ, ಹಾಸಿದರೆ ಮಾಡಿದ್ದೆಲ್ಲ ದಂಡ.

ಇಷ್ಟಕ್ಕೇ ಸಾಲದು. ಪ್ರತಿ ಕಾಲಿನಿಂದ ಹೊರಕ್ಕೆ ತಾಮ್ರದ ಪಟ್ಟಿ ಎಳೆದು, ದಾರಿಯುದ್ದಕ್ಕೂ ರಾಡ್ ಹೊಡೆಯಿರಿ. ರಾಡ್ 3 ಮೀಟರ್ ಇದ್ದರೆ ಎರಡರ ನಡುವೆ 6 ಮೀಟರ್ ಬಿಡಿ, ಹತ್ತಿರ ಹತ್ತಿರ ಹೊಡೆದರೆ ಒಂದೇ ಮಣ್ಣನ್ನು ಇಬ್ಬರೂ ಹಂಚಿಕೊಂಡ ಹಾಗೆ.

ತಂತಿ ದಪ್ಪ ಇದ್ದರೆ ಸಾಕು ಅನ್ನಿಸುತ್ತೆ, ಅಲ್ವಾ? ನೇರ ತಂತಿಗೆ ಮೀಟರ್‌ಗೆ ಸುಮಾರು 1 ಮೈಕ್ರೋಹೆನ್ರಿ ಇಂಡಕ್ಟೆನ್ಸ್ (ಕರೆಂಟ್ ಥಟ್ಟನೆ ಏರುವುದನ್ನು ತಡೆಯುವ ಗುಣ) ಇರುತ್ತದೆ. 30,000 ಆಂಪಿಯರ್ 2 ಮೈಕ್ರೋಸೆಕೆಂಡ್‌ನಲ್ಲಿ ಏರಿದರೆ ಒಂದೊಂದು ಮೀಟರ್‌ಗೂ 15,000 ವೋಲ್ಟ್! ಅದಕ್ಕೇ ತಂತಿಗಿಂತ ಅಗಲ ಪಟ್ಟಿ ಮೇಲು. ದಾರಿ ಗಿಡ್ಡ ಇರಲಿ, ನೇರ ಇರಲಿ, ತಿರುಗಿಸಲೇಬೇಕಾದರೆ ಮೆಲ್ಲಗೆ ಬಾಗಿಸಿ. ಮಿಕ್ಕಿದ ತಂತಿಯನ್ನು ಸುರುಳಿ ಸುತ್ತಿ ಇಡುವುದಂತೂ ಬೇಡವೇ ಬೇಡ, ನೋಡಲು ನೀಟಾಗಿರುತ್ತೆ ಅಷ್ಟೇ.

ಗ್ಯಾಲ್ವನೈಸ್ಡ್ ಕಾಲಿಗೆ ಬರೀ ತಾಮ್ರ ತಾಗಿಸಬೇಡಿ, ತೇವದಲ್ಲಿ ಸತುವಿನ ಲೇಪ ತಿಂದುಹೋಗುತ್ತದೆ. ಮಧ್ಯೆ ಸ್ಟೇನ್‌ಲೆಸ್ ಸ್ಟೀಲ್ ಕ್ಲ್ಯಾಂಪ್ ಹಾಕಿ. ಮಣ್ಣಿನೊಳಗಿನ ಜೋಡಣೆಗೆ ಎಕ್ಸೋಥರ್ಮಿಕ್ ವೆಲ್ಡ್ (ಲೋಹದ ಪುಡಿ ಉರಿಸಿ ಆ ಬಿಸಿಯಲ್ಲೇ ಮಾಡುವ ಬೆಸುಗೆ) ಒಳ್ಳೆಯದು, ಸೋಲ್ಡರ್ ಸಿಡಿಲಿನ ಬಿಸಿಗೆ ಕರಗಿಬಿಡುತ್ತೆ.

ಜನ ಮರೆಯುವುದು ಕೇಬಲ್ಲನ್ನು. ಆಂಟೆನಾದಿಂದ ರೇಡಿಯೋಗೆ ಬರುವ ಕೋಆಕ್ಸ್ ಕೇಬಲ್‌ನ ಹೊರಕವಚವನ್ನು ಟವರ್‌ನ ತುದಿಯಲ್ಲೂ ಬುಡದಲ್ಲೂ ಟವರ್‌ಗೆ ಜೋಡಿಸಿ. ಕೋಣೆ ಸೇರುವ ಜಾಗದಲ್ಲಿ ಒಂದು ಲೋಹದ ಫಲಕ ಇಟ್ಟು, ಮಿತಿಮೀರಿದ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಸರ್ಜ್ ಅರೆಸ್ಟರ್‌ಗಳನ್ನು ಅದರ ಮೇಲೇ ಕೂರಿಸಿ. ಟವರ್‌ನ ಅರ್ಥ್, ಫಲಕದ ಅರ್ಥ್, ಕಟ್ಟಡದ ವಿದ್ಯುತ್ ಅರ್ಥ್ ಎಲ್ಲವನ್ನೂ ಒಂದಕ್ಕೊಂದು ಸೇರಿಸಲೇಬೇಕು. ಬೇರೆ ಬೇರೆ ಬಿಟ್ಟರೆ ಅವುಗಳ ನಡುವಿನ ವೋಲ್ಟೇಜ್ ವ್ಯತ್ಯಾಸವೆಲ್ಲ ನಿಮ್ಮ ರೇಡಿಯೋ ಮೂಲಕವೇ ದಾಟುತ್ತದೆ. ಈ ಕೆಲಸಕ್ಕೆ ಮಾತ್ರ ಎಲೆಕ್ಟ್ರಿಷಿಯನ್ ಕರೆಸಿ.

ಮುಗಿದ ಮೇಲೆ ಅರ್ಥ್ ಟೆಸ್ಟರ್‌ನಿಂದ ಅರ್ಥ್‌ನ ರೆಸಿಸ್ಟೆನ್ಸ್ ಅಳೆದು ಬರೆದಿಡಿ. ವರ್ಷಕ್ಕೊಮ್ಮೆ ಮತ್ತೆ ಅಳೆಯಿರಿ, ಕ್ಲ್ಯಾಂಪ್‌ಗಳನ್ನೂ ಕೈಯಲ್ಲಿ ಅಲ್ಲಾಡಿಸಿ ನೋಡಿ. ದೂರದಲ್ಲಿ ಗುಡುಗು ಕೇಳಿಸಿದರೂ ಸಾಕು, ಆ ಕೆಲಸವನ್ನು ಇನ್ನೊಂದು ದಿನಕ್ಕಿಟ್ಟು ಒಳಗೆ ನಡೆಯಿರಿ.