ಅಂಗಡಿಯಿಂದ ಬೆಳವಾಡಿಗೆ, ಮಣ್ಣುರಸ್ತೆಯಲ್ಲಿ ಸೈಕಲ್

ಬೇಲೂರು, ಹಳೇಬೀಡು ನೋಡಲು ಹೆಚ್ಚಿನವರು ಹಾಸನದಿಂದ ಕಾರಿನಲ್ಲಿ ಬರುತ್ತಾರೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು, ಸಂಜೆಗೆ ವಾಪಸ್. ದೇವಸ್ಥಾನಗಳನ್ನು ನೋಡಿದ ಹಾಗಾಗುತ್ತದೆ. ನಡುವಿನ ನೆಲವನ್ನು ಮಾತ್ರ ಯಾರೂ ನೋಡುವುದಿಲ್ಲ. ಹೊಯ್ಸಳರು ಮಲೆನಾಡಿನವರು. ಅವರ ಮೂಲ ಮೂಡಿಗೆರೆ ತಾಲೂಕಿನ ಅಂಗಡಿ ಅನ್ನುವ ಊರು, ಆಗಿನ ಸೊಸೆವೂರು. ಅಲ್ಲಿಂದ ಬೇಲೂರಿಗೆ ಬಂದರು. ಆಮೇಲೆ ದೋರಸಮುದ್ರಕ್ಕೆ, ಅಂದರೆ ಈಗಿನ ಹಳೇಬೀಡಿಗೆ. ಕಾಡಿನಿಂದ ಬಯಲಿಗೆ. ನಾನು ಸೈಕಲ್ ದಾರಿ ಹಾಕಿಕೊಂಡಿದ್ದೂ ಇದೇ ಕ್ರಮದಲ್ಲಿ. ಅಂಗಡಿಯಲ್ಲಿ ಶುರು, ಹಳೇಬೀಡಿನ ಆಚೆಯ ಬೆಳವಾಡಿಯಲ್ಲಿ ಕೊನೆ, ಆದಷ್ಟೂ ಡಾಂಬರು ಬಿಟ್ಟು ಮಣ್ಣು ಮತ್ತು ಗರಸಿನ ರಸ್ತೆಯಲ್ಲೇ.

ದಾರಿ ಹುಡುಕುವುದೇ ಅರ್ಧ ಕೆಲಸ. ಮೊಬೈಲ್ ಮ್ಯಾಪ್ ಒಂದನ್ನೇ ನಂಬಿದರೆ ಅದು ಸುಮ್ನೆ ಹೆದ್ದಾರಿಗೆ ತಂದು ಬಿಡುತ್ತದೆ, ಇಲ್ಲವೇ ಯಾರದ್ದೋ ತೋಟದ ಮನೆಯ ಅಂಗಳಕ್ಕೆ. ನನಗೆ ಜಾಸ್ತಿ ಕೆಲಸಕ್ಕೆ ಬಂದಿದ್ದು ಕಂದಾಯ ಇಲಾಖೆಯ ಗ್ರಾಮ ನಕಾಶೆ. ಸರ್ಕಾರದ ಭೂದಾಖಲೆ ಜಾಲತಾಣದಲ್ಲಿ ಹಳ್ಳಿಹಳ್ಳಿಯದ್ದೂ ಸಿಗುತ್ತದೆ. ಅದರಲ್ಲಿ ಬಂಡಿ ದಾರಿಯನ್ನು ಎರಡು ತುಂಡು ಗೆರೆಗಳಲ್ಲಿ ತೋರಿಸಿರುತ್ತಾರೆ, ಕಾಲುದಾರಿಯನ್ನು ಒಂದೇ ಗೆರೆಯಲ್ಲಿ. ಎರಡು ಗೆರೆ ಇರುವಲ್ಲಿ ನಾಲ್ಕು ಜನ ಓಡಾಡುವ ದಾರಿ ಇರುವ ಸಂಭವ ಹೆಚ್ಚು. ಅದನ್ನು ಉಪಗ್ರಹ ಚಿತ್ರದ ಪಕ್ಕದಲ್ಲಿಟ್ಟು ನೋಡಿದೆ. ಕೆಂಪಗೆ ಕಾಣುವ ಗೆರೆಯಾದರೆ ಇಂದಿಗೂ ಟ್ರ್ಯಾಕ್ಟರ್ ಓಡಾಡುತ್ತದೆ ಅಂತ ಅರ್ಥ. ಹಸಿರು ಮುಚ್ಚಿದ್ದರೆ ಬಿಟ್ಟುಬಿಟ್ಟೆ. ಮೀಸಲು ಅರಣ್ಯದೊಳಗೆ ಹೋಗುವ ದಾರಿಗಳನ್ನು ಮೊದಲೇ ಅಳಿಸಿದೆ. ಅಲ್ಲಿಗೆ ಅನುಮತಿ ಇಲ್ಲದೆ ಹೋಗಬಾರದು. ಅನುಮತಿ ಬೇಡದ ದಾರಿಗಳೇ ಈ ಕಡೆ ಬೇಕಾದಷ್ಟಿವೆ.

ಸೈಕಲ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಮಣ್ಣುರಸ್ತೆಗೆಂದೇ ಮಾಡಿದ ಗ್ರಾವೆಲ್ ಬೈಕೇ ಆಗಬೇಕಿಲ್ಲ. 40 ಮಿಲಿಮೀಟರ್ ಅಗಲದ ಟೈರ್ ಹಿಡಿಸುವ ಹೈಬ್ರಿಡ್ ಇದ್ದರೂ ಸಾಕು, ಎಂಟಿಬಿ (ಮೌಂಟನ್ ಬೈಕ್) ಇದ್ದರೆ ಇನ್ನೂ ಆರಾಮ. ಪೆಡಲ್ ಹತ್ತಿರದ ಹಲ್ಲುಚಕ್ರಕ್ಕಿಂತ (ಚೈನ್‌ರಿಂಗ್) ದೊಡ್ಡದೊಂದು ಚಕ್ರ ಹಿಂದಿನ ಗೇರು ಚಕ್ರಗಳ ಗೊಂಚಲಿನಲ್ಲಿ (ಕ್ಯಾಸೆಟ್) ಇರಲೇಬೇಕು. ತೋಟದ ಏರುಗಳು ಉದ್ದ ಇರುವುದಿಲ್ಲ, ಆದರೆ ಕಡಿದಾಗಿರುತ್ತವೆ.

ಅಂಗಡಿಯಲ್ಲಿ ಗಡಿಬಿಡಿ ಮಾಡಬೇಡಿ. ವಾಸಂತಿಕಾ ದೇವಿಯ ಗುಡಿ ಇರುವುದು ಇಲ್ಲೇ. ಹೊಯ್ಸಳರ ಮೂಲಪುರುಷ ಸಳ ಹುಲಿಯನ್ನು ಹೊಡೆದ ಕತೆ ನಡೆಯುವುದೂ ಇಲ್ಲೇ. ಹತ್ತಿರದಲ್ಲೇ ಹಳೆಯ ಜೈನ ಬಸದಿಗಳಿವೆ. ಚಿಕ್ಕವು, ಸರಳವಾಗಿವೆ. ಬೇಲೂರಿನ ಕುಸುರಿ ಕೆಲಸ ನೋಡಿ ಅಭ್ಯಾಸವಾದ ಕಣ್ಣಿಗೆ ಏನೂ ಇಲ್ಲ ಅನ್ನಿಸಬಹುದು. ಅದಕ್ಕೇ ಇಲ್ಲಿಂದ ಹೊರಡಬೇಕು ಅನ್ನುವುದು. ಒಂದು ಮನೆತನ ಎಷ್ಟು ಸಣ್ಣದಾಗಿ ಶುರು ಮಾಡಿತ್ತು ಅನ್ನುವುದು ಬೇಲೂರು ನೋಡುವ ಮೊದಲು ಗೊತ್ತಿರಬೇಕು.

ಅಲ್ಲಿಂದ ಪೂರ್ವಕ್ಕೆ ಕಾಫಿ ತೋಟಗಳ ನಡುವಿನ ದಾರಿ. ಹೊಯ್ಸಳರ ಕಾಲದಲ್ಲಿ ಕಾಫಿ ಇರಲಿಲ್ಲ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದಿದ್ದು 17ನೇ ಶತಮಾನದಲ್ಲಿ ಅನ್ನುವುದು ನಮ್ಮ ಕಡೆಯ ಪ್ರತೀತಿ. ಆದರೂ ನೆರಳಿಗೆ ಉಳಿಸಿಕೊಂಡಿರುವ ಹಲಸು, ಅತ್ತಿ, ನಂದಿ ಮರಗಳ ಕೆಳಗೆ ಹೋಗುವಾಗ ಆ ಕಾಡು ಹೇಗಿದ್ದಿರಬಹುದು ಅಂತ ಸ್ವಲ್ಪ ಅಂದಾಜು ಸಿಗುತ್ತದೆ.

ಈ ರಸ್ತೆಯ ಮೇಲ್ಮೈ ಬಗ್ಗೆ ವಿವರವಾಗಿ ಹೇಳಬೇಕು, ಸವಾರಿಯ ಸುಖ ಇರುವುದೇ ಅದರಲ್ಲಿ. ಟ್ರ್ಯಾಕ್ಟರ್ ಚಕ್ರ ಹೋಗುವ ಎರಡು ಜಾಡು ಗಟ್ಟಿಯಾಗಿ, ನುಣ್ಣಗಿರುತ್ತವೆ. ನಡುವೆ ಹುಲ್ಲು. ಇಳಿಜಾರಿನಲ್ಲಿ ಮಳೆನೀರು ಮಣ್ಣು ತೊಳೆದು, ಗುಂಡಗಿನ ಗರಸುಕಲ್ಲು ಮಾತ್ರ ಉಳಿದಿರುತ್ತದೆ. ಕಾಲಡಿಗೆ ರಾಗಿ ಚೆಲ್ಲಿದ ಹಾಗೆ ಅದು ಉರುಳುತ್ತದೆ. ಅಲ್ಲಿ ಮುಂದಿನ ಬ್ರೇಕ್ ಮುಟ್ಟಬಾರದು. ಸೀಟಿನಿಂದ ಸ್ವಲ್ಪ ಎದ್ದು, ಭಾರ ಹಿಂದಕ್ಕೆ ಹಾಕಿ, ಸೈಕಲ್ ತನ್ನ ಪಾಡಿಗೆ ಹೋಗಲು ಬಿಡಬೇಕು. ಟ್ಯೂಬ್ ಇರುವ ಟೈರಿಗೆ ನಾನು 40 ಪಿಎಸ್‌ಐ ಹತ್ತಿರ ಗಾಳಿ ಇಡುತ್ತೇನೆ. ಟ್ಯೂಬ್‌ಲೆಸ್ ಆದರೆ 30ರ ಆಸುಪಾಸು. ಕೈ ನೋವು ಎಷ್ಟು ಕಡಿಮೆಯಾಗುತ್ತದೆ ಅಂತ ಮೊದಲ ಇಳಿಜಾರಿನಲ್ಲೇ ಗೊತ್ತಾಗುತ್ತದೆ.

ಕೆಲವು ಕಡೆ ದಾರಿಗೆ ಉಣುಗೋಲು (ಸರಿಸಿ ತೆಗೆಯುವ ಗಳ) ಅಡ್ಡ ಇರುತ್ತದೆ, ಕೆಲವು ಕಡೆ ಕಬ್ಬಿಣದ ಗೇಟು. ನಕಾಶೆಯಲ್ಲಿ ಬಂಡಿ ದಾರಿ ಇದೆ ಅಂತ ವಾದ ಮಾಡಲು ಹೋಗಬಾರದು. ಕೆಲಸಗಾರರ ಲೈನ್ ಮನೆ ಹತ್ತಿರ ತೋಟದ ಲೆಕ್ಕ ನೋಡುವ ರೈಟರನ್ನೋ ಮೇಸ್ತ್ರಿಯನ್ನೋ ಕೇಳಿ. ಎಲ್ಲಿಂದ ಬಂದಿರಿ, ಎಲ್ಲಿಗೆ ಅಂತ ವಿಚಾರಿಸಿ ಬಿಡುತ್ತಾರೆ. ಕೊಯ್ಲಿನ ಸಮಯದಲ್ಲಿ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಬೇಡ ಅಂದರೆ ಅದಕ್ಕೊಂದು ಕಾರಣ ಇರುತ್ತದೆ. ಹಣ್ಣು ಕುಯ್ಯುವವರು, ಮೂಟೆ ತುಂಬಿದ ಟ್ರೈಲರ್ ಎಲ್ಲ ಅದೇ ದಾರಿಯಲ್ಲಿ. ಉಣುಗೋಲು ತೆಗೆದರೆ ಮತ್ತೆ ಹಾಕಿ ಹೋಗಿ. ಕಣದಲ್ಲಿ ಕಾಫಿ ಹರವಿದ್ದರೆ ಇಳಿದು ಸುತ್ತಿಕೊಂಡು ಹೋಗಿ.

ಇನ್ನು ಕಾಡಾನೆ. ಇದರಲ್ಲಿ ಧೈರ್ಯ ತೋರಿಸಲು ಏನೂ ಇಲ್ಲ. ಅರೇಹಳ್ಳಿ, ಬಿಕ್ಕೋಡು ಭಾಗದಲ್ಲಿ ಆನೆಗಳು ತೋಟದೊಳಗೇ ಇರುತ್ತವೆ. ತೋಟದ ಕೆಲಸಕ್ಕೆ ಹೋದವರು ಜೀವ ಕಳೆದುಕೊಂಡಿದ್ದಾರೆ. ಗುಂಪು ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಮೊಬೈಲಿಗೆ ಸಂದೇಶ ಕಳಿಸುತ್ತಾರೆ, ಊರಿನ ಗ್ರೂಪುಗಳಲ್ಲೂ ಸುದ್ದಿ ಬರುತ್ತದೆ. ಹಾಗಾಗಿ ಬೆಳಿಗ್ಗೆ ಹೊರಡುವ ಮೊದಲು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ "ಆನೆ ಯಾವ ಕಡೆ ಇದೆ" ಅಂತ ಕೇಳುವುದು ನನ್ನ ರೂಢಿ. ಇದೆ ಅಂದರೆ ಆ ದಿನ ಟಾರು ರಸ್ತೆ. ಬೆಳಕು ಚೆನ್ನಾಗಿ ಹರಿಯುವವರೆಗೂ, ಸಂಜೆ ಐದರ ಮೇಲೂ ತೋಟದ ದಾರಿಗೆ ಇಳಿಯುವುದಿಲ್ಲ. ಕಿವಿಗೆ ಇಯರ್‌ಫೋನ್ ಹಾಕುವುದಿಲ್ಲ. ಸೈಕಲ್‌ಗೆ ಸದ್ದಿಲ್ಲ, ತಿರುವಿನಲ್ಲಿ ನಾವು ಬಂದಿದ್ದು ಆನೆಗೂ ಗೊತ್ತಾಗುವುದಿಲ್ಲ. ಅಪಾಯ ಇರುವುದು ಅಲ್ಲೇ.

ರಾತ್ರಿಗೆ ಬೇಲೂರಿನಲ್ಲಿ ಉಳಿಯುವುದು ಒಳ್ಳೆಯದು. ಚೆನ್ನಕೇಶವ ದೇವಸ್ಥಾನವನ್ನು ವಿಷ್ಣುವರ್ಧನ ಕಟ್ಟಿಸಿದ್ದು 1117ರಲ್ಲಿ. ಬಾಗಿಲ ಇಕ್ಕೆಲದಲ್ಲೂ ಸಳ ಹುಲಿಯ ಜೊತೆ ಸೆಣಸುತ್ತಿದ್ದಾನೆ. ಅಂಗಡಿಯಿಂದ ಪೆಡಲ್ ತುಳಿದುಕೊಂಡು ಬಂದವರಿಗೆ ಆ ಶಿಲ್ಪ ಅಲಂಕಾರವಾಗಿ ಕಾಣುವುದಿಲ್ಲ, ಊರಿನ ನೆನಪಾಗಿ ಕಾಣುತ್ತದೆ. ಮದನಿಕೆಯರ ಪೀಠದಲ್ಲಿ ಕೆತ್ತಿದವರ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಅಷ್ಟು ಸೂಕ್ಷ್ಮ ಕೆಲಸ ಸಾಧ್ಯವಾಗಿದ್ದು ಅದರಿಂದ.

ಬೇಲೂರಿನಿಂದ ಹಳೇಬೀಡಿಗೆ ಮುಖ್ಯ ರಸ್ತೆಯಲ್ಲಿ 16 ಕಿಲೋಮೀಟರ್. ಹಳ್ಳಿ ದಾರಿಯಲ್ಲಿ ಸುತ್ತಿದರೆ ಜಾಸ್ತಿ ಆಗುತ್ತದೆ, ಆದರೆ ಇಡೀ ಸವಾರಿಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಎತ್ತರದಲ್ಲಿ ಅಂಥ ಬದಲಾವಣೆ ಇಲ್ಲ, ಬದಲಾಗುವುದು ಮಳೆ. ಮರದ ನೆರಳು ತೆಳುವಾಗುತ್ತದೆ. ಕಾಫಿ ಮುಗಿಯುತ್ತದೆ. ಗದ್ದೆ, ಆಮೇಲೆ ರಾಗಿ, ಜೋಳ, ತೆಂಗು. ಮತ್ತೆ ಕೆರೆಗಳು! ಅಂಗಡಿ ಕಡೆ ನೀರು ಹಳ್ಳದಲ್ಲಿ ತಾನಾಗಿ ಹರಿಯುತ್ತಿರುತ್ತದೆ, ಇಲ್ಲಿ ಅದನ್ನು ಕಟ್ಟಿ ನಿಲ್ಲಿಸಬೇಕು. ಊರಿಗೊಂದು ಏರಿ, ಏರಿಯ ಮೇಲೊಂದು ಗಟ್ಟಿ ಮಣ್ಣಿನ ದಾರಿ. ಸೈಕಲ್‌ಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ರಾಜಧಾನಿಯ ಹೆಸರಲ್ಲೇ ಯಾಕೆ ಸಮುದ್ರ ಬಂತು ಅನ್ನುವುದನ್ನು ಹಳೇಬೀಡಿನ ಕೆರೆ ಕಾಣುವ ಮೊದಲೇ ಈ ಏರಿಗಳು ಹೇಳಿರುತ್ತವೆ. ಆ ದೊಡ್ಡ ಕೆರೆ ಈಗಲೂ ಹೊಯ್ಸಳೇಶ್ವರ ದೇವಸ್ಥಾನದ ಪಕ್ಕದಲ್ಲೇ ಇದೆ.

ಅಪಾಯಗಳೂ ಬದಲಾಗುತ್ತವೆ. ಮಳೆ ಬಿಟ್ಟ ಹೊಸದರಲ್ಲಿ ಅಂಗಡಿ ಕಡೆ ಹೋದರೆ ಸಾಕ್ಸ್ ತುಂಬ ಇಂಬಳ (ಜಿಗಣೆ). ಹಳೇಬೀಡು ದಾಟಿದರೆ ಜಾಲಿ ಮುಳ್ಳು. ಬೇಲಿ ಸವರಿ ದಾರಿಗೆ ಹಾಕಿರುತ್ತಾರೆ, ಟೈರಿಗೆ ತೂತು ಮುಚ್ಚುವ ಸೀಲೆಂಟ್ ಇಲ್ಲದಿದ್ದರೆ ಪಂಕ್ಚರ್ ಗ್ಯಾರಂಟಿ. ಚಳಿಗಾಲದಲ್ಲಿ ಮೂಡಣ ಗಾಳಿ ಎದುರಿಗೇ ಬೀಸುತ್ತದೆ. ಹಾಗಾಗಿ ಬಯಲಿನ ಭಾಗವನ್ನು ಬೆಳಿಗ್ಗೆ ಬೇಗ ಮುಗಿಸುವುದು ವಾಸಿ.

ಹೊಯ್ಸಳೇಶ್ವರನ ಬಗ್ಗೆ ನಾನು ಹೊಸದಾಗಿ ಹೇಳುವುದು ಏನಿದೆ? 2023ರಲ್ಲಿ ಬೇಲೂರು, ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೂ ಸೇರಿತು, ಜನ ಇನ್ನೂ ಹೆಚ್ಚು ಬರುತ್ತಾರೆ. ಆದರೆ ಸೈಕಲ್ ಇದ್ದವರು ಹತ್ತಿರದ ಪುಷ್ಪಗಿರಿ ಗುಡ್ಡ ಮತ್ತು ಹುಲಿಕೆರೆ ಕಲ್ಯಾಣಿ ಬಿಡಬಾರದು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ಕಲ್ಯಾಣಿಯ ಸುತ್ತ ಪುಟ್ಟ ಪುಟ್ಟ ಗುಡಿಗಳಿವೆ.

ಕೊನೆಗೆ ಬೆಳವಾಡಿಯ ವೀರನಾರಾಯಣ ತ್ರಿಕೂಟ, ಅಂದರೆ ಮೂರು ಗರ್ಭಗುಡಿಗಳ ದೇವಸ್ಥಾನ. ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ ಮೂವರೂ ಒಂದೇ ಸೂರಿನಡಿ. ಮಂಟಪದ ಕಂಬಗಳು ಎಷ್ಟು ನುಣುಪಾಗಿವೆ ಎಂದರೆ ಬಾಗಿಲಿನಿಂದ ಬರುವ ಬೆಳಕು ಅವುಗಳ ಮೇಲೆ ಉದ್ದಕ್ಕೆ ಗೆರೆಯಾಗಿ ನಿಲ್ಲುತ್ತದೆ. ಹತ್ತಿರ ಹೋಗಿ ನೋಡಿದರೆ ಕಂಬವನ್ನು ತಿರುಗಿಸಿ ಕಡೆದ ಉಂಗುರದ ಗುರುತುಗಳು ಕಾಣುತ್ತವೆ. ಎಲ್ಲಾ ದೇವಸ್ಥಾನಗಳಿಗೂ ಅನ್ವಯಿಸುವ ಮಾತು: ಸೈಕಲನ್ನು ಹಳೆಯ ಗೋಡೆಗಾಗಲಿ ಕಂಬಕ್ಕಾಗಲಿ ಒರಗಿಸಬೇಡಿ. ಹ್ಯಾಂಡಲ್ ಜಾರಿದರೆ ಬಳಪದ ಕಲ್ಲಿನ ಮೇಲೆ ಗೀರು ಬೀಳುತ್ತದೆ. ಪೆಡಲ್‌ಗೆ ಸಿಕ್ಕಿಸುವ ಕ್ಲೀಟ್ ಇರುವ ಶೂ ಬದಲು ಸಾಮಾನ್ಯ ಶೂ ಹಾಕಿ ಬನ್ನಿ, ಬಿಚ್ಚಿ ಹಾಕುವುದೂ ಸುಲಭ.

ಬೆಳವಾಡಿಯಿಂದ ಚಿಕ್ಕಮಗಳೂರಿಗೆ ಜಾವಗಲ್ ಕಡೆಯಿಂದ ಬರುವ ರಸ್ತೆ ಹಿಡಿದರೆ ಸುಮಾರು 30 ಕಿಲೋಮೀಟರ್, ಪೂರ್ತಿ ಡಾಂಬರು. ಆ ಹೊತ್ತಿಗೆ ಕಾಲು ದಣಿದಿರುತ್ತದೆ, ಗಾಳಿ ಮಾತ್ರ ಬೆನ್ನಿಗೆ ಬಂದಿರುತ್ತದೆ. ಟೈರಿಗೆ ಇನ್ನೊಂದಿಷ್ಟು ಗಾಳಿ ತುಂಬಿಸಿ ಹೊರಡಿ.